ಏನೂ ಬರೆಯದ ಬೋರ್ಡು

ಆ ಬಡಾವಣೆಯಲ್ಲಿ ಕಟ್ಟುತ್ತಿದ್ದುದು ಸರ್ಕಾರದ ಗುಪ್ತಚರ ಇಲಾಖೆಯ ಕೇಂದ್ರ ಎಂಬುದು ಬಹಳ ಗುಟ್ಟಿನ ವಿಷಯವಾಗಿತ್ತು. ಎಷ್ಟು ಗುಟ್ಟೆಂದರೆ, ಸಿಟಿ ಬಸ್ಸಿನ ಕಂಡಕ್ಟರು ಅದನ್ನು ದಿನಕ್ಕೆ ನಲವತ್ತು ಸಲ ಮಾತ್ರ ಕೂಗುತ್ತಿದ್ದ: "ಗುಪ್ತಚರ ಗೇಟ್, ಗುಪ್ತಚರ ಗೇಟ್, ಯಾರ್ರೀ ಇಳಿಯೋರು, ಮುಂದೆ ಬನ್ನಿ."

ಮೊದಲು ಅಲ್ಲೊಂದು ನೂಲಿನ ಗಿರಣಿ ಇತ್ತು. ಅದು ಮುಚ್ಚಿ ವರ್ಷಗಳಾದ ಮೇಲೆ ಕೆಡವಿ, ಸುತ್ತ ಮೂರಾಳೆತ್ತರದ ಗೋಡೆ ಎಬ್ಬಿಸಿ, ಒಳಗೆ ಐದು ಕ್ರೇನುಗಳನ್ನು ನಿಲ್ಲಿಸಿದ್ದರು. ಒಳಗಿನದು ಹೊರಗಿನವರಿಗೆ ಕಾಣುತ್ತಿರಲಿಲ್ಲ; ಹೊರಗಿನದೆಲ್ಲ ಒಳಗಿನವರಿಗೆ ಕಾಣುತ್ತದೆ ಎಂದು ಎಲ್ಲರೂ ನಂಬಿದ್ದರು. ಹಾಗಾಗಿ ಹೆಂಗಸರು ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಒಳ್ಳೆಯವನ್ನು ಗೋಡೆಯ ಕಡೆಗೂ ಹರಿದವನ್ನು ಹಿಂದಿನ ಸಾಲಿಗೂ ಹಾಕತೊಡಗಿದರು. ಮಣ್ಣಿನ ಲಾರಿಗಳು ಮಾತ್ರ ಯಾವ ಭೇದವನ್ನೂ ಮಾಡದೆ ಎರಡು ಸಾಲಿಗೂ ಸಮನಾಗಿ ಧೂಳು ಹಂಚಿ ಹೋಗುತ್ತಿದ್ದವು.

ಈ ಲಾರಿಗಳ ರಸ್ತೆಯ ಅಂಚಿನಲ್ಲಿ, ಔಷಧಿ ಅಂಗಡಿಗೂ ಸೈಕಲ್ ಅಂಗಡಿಗೂ ನಡುವೆ ಉಳಿದಿದ್ದ ಸಂದಿಯಲ್ಲಿ ಇಸ್ತ್ರಿಯವನ ಮೇಜಿತ್ತು. ತಲೆಯ ಮೇಲೊಂದು ತಗಡು, ಬದಿಗೊಂದು ಇದ್ದಿಲಿನ ಡಬ್ಬ, ಮೇಜಿನ ಕೆಳಗೆ ಬೋರಲು ಹಾಕಿದ ಒಂದು ಬಕೆಟ್ಟು. ಆ ಬಕೆಟ್ಟು ಪೇಂಟರನ ಆಸನ. ಇಪ್ಪತ್ತಾರು ವರ್ಷಗಳಿಂದ ಪೇಂಟರ್ ಸಂಜೆ ಐದೂವರೆಗೆ ಬಂದು ಅದನ್ನು ಕಾಲಿನಿಂದ ಈಚೆಗೆಳೆದು ಕೂರುತ್ತಿದ್ದ. ಕೂತ ಕೂಡಲೇ ಇಸ್ತ್ರಿಯವನು ತಲೆ ಎತ್ತದೆ ಕೇಳುತ್ತಿದ್ದ: "ಇವತ್ತು ಏನು ಬರೆದೆ?"

ಇಸ್ತ್ರಿಯವನಿಗೆ ಓದು ಬರುತ್ತಿರಲಿಲ್ಲ. ಊರಿನ ಬೋರ್ಡುಗಳೆಲ್ಲ ಅವನಿಗೆ ತಲುಪುತ್ತಿದ್ದುದು ಪೇಂಟರನ ಬಾಯಿಂದಲೇ. ಮೂಳೆ ಡಾಕ್ಟರ ಬೋರ್ಡು: ಸಮಯ ಹತ್ತರಿಂದ ಒಂದು, ಚಪ್ಪಲಿ ಹೊರಗೆ ಬಿಡಿ. ಟೈಪಿಂಗ್ ಶಾಲೆಯ ಬೋರ್ಡು: ಹೆಂಗಸರಿಗೆ ಪ್ರತ್ಯೇಕ ಬೆಂಚು. ಗಿರಣಿಯ ಹಿಂದಿನ ಗೋಡೆ: ಇಲ್ಲಿ ಮೂತ್ರ ಮಾಡಬಾರದು. ಇಸ್ತ್ರಿಯವನು ಪ್ರತಿಯೊಂದನ್ನೂ ಕಿವಿಗೊಟ್ಟು ಕೇಳಿ, ಒಂದು ಕಾಲರು ಮುಗಿಸಿ, ಅಭಿಪ್ರಾಯ ಕೊಡುತ್ತಿದ್ದ.

"ಮಾಡಬಾರದು ಅಂದ್ರೆ ಯಾರು ಕೇಳ್ತಾರೆ. ‘ನಿನ್ನೆ ಮಾಡಿದವನನ್ನ ನೋಡಿದೀವಿ’ ಅಂತ ಬರೀಬೇಕಿತ್ತು."

ಪ್ರತಿಯಾಗಿ ಅವನು ಬಟ್ಟೆಗಳಲ್ಲಿ ಓದಿದ್ದನ್ನು ಹೇಳುತ್ತಿದ್ದ.

"ಔಷಧಿ ಅಂಗಡಿಯವನ ಅಳಿಯನಿಗೆ ಕೆಲಸ ಹೋಗಿದೆ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ವಾರಕ್ಕೆ ಆರು ಅಂಗಿ ಬರ್ತಿತ್ತು, ಈಗ ಎರಡು. ಎರಡರಲ್ಲೂ ಮೊಣಕೈ ಸುಣ್ಣ ಆಗಿದೆ. ದಿನವೆಲ್ಲ ಕಿಟಕಿಗೆ ಮೊಣಕೈ ಊರಿ ಕೂತಿರ್ತಾನೆ ಪಾಪ. ನೀನು ಯಾರ ಹತ್ರಾನೂ ಅನ್ನಬೇಡ."

ಮೂರಾಳೆತ್ತರದ ಗೋಡೆಯೊಳಗೆ ಸಾವಿರ ಕೋಣೆಗಳಲ್ಲಿ ನಡೆಯಬೇಕಾಗಿದ್ದ ಕೆಲಸವನ್ನು ಈ ಮನುಷ್ಯ ಒಂದು ಕಂಬಳಿ ಹಾಸಿದ ಮೇಜಿನ ಮೇಲೆ ಆಗಲೇ ಮಾಡುತ್ತಿದ್ದ. ಇಲಾಖೆಗೆ ಅದು ತಿಳಿದಿರಲಿಲ್ಲ.

ಇಬ್ಬರ ನಡುವೆ ಒಂದೇ ಒಂದು ತಕರಾರು ಇತ್ತು. ಇಸ್ತ್ರಿಯವನಿಗೆ ಒಂದು ಬೋರ್ಡು ಬೇಕಿತ್ತು. ಅದಕ್ಕೆಂದು ಹನ್ನೊಂದು ವರ್ಷದ ಹಿಂದೆ ಒಂದು ಹಲಗೆಯನ್ನೂ ತಂದಿಟ್ಟಿದ್ದ. ಅದು ಈಗ ಇದ್ದಿಲಿನ ಡಬ್ಬಕ್ಕೆ ಮುಚ್ಚಳವಾಗಿತ್ತು.

"ಲೇ, ನಿನ್ನ ಮುಂದೆ ಹೊಗೆ ಆಡೋ ಪೆಟ್ಟಿಗೆ ಇದೆ, ಪಕ್ಕದಲ್ಲಿ ಬಟ್ಟೆ ರಾಶಿ ಇದೆ," ಎನ್ನುತ್ತಿದ್ದ ಪೇಂಟರ್. "ಎಲ್ಲರಿಗೂ ಗೊತ್ತಿರೋದನ್ನ ಬರೆಯೋದ್ಯಾಕೆ?"

"ಗೊತ್ತಿದ್ರೂ ಹೇಳಬೇಕಪ್ಪ. ಹೇಳೋಕೇ ತಾನೆ ಬೋರ್ಡು ಇರೋದು."

"ನಿಂಗೇ ಓದೋಕೆ ಬರಲ್ಲ."

"ನಾನು ಅದರ ಹಿಂದೆ ನಿಂತಿರ್ತೀನಿ. ಓದೋರು ಮುಂದೆ ತಾನೆ ಬರೋದು."

"ಆಯ್ತು, ನಾಳೆ ನೋಡೋಣ," ಎಂದು ಪೇಂಟರ್ ಏಳುತ್ತಿದ್ದ. ಹನ್ನೊಂದು ವರ್ಷದಲ್ಲಿ ಎಷ್ಟು ನಾಳೆಗಳು ಬರುತ್ತವೆಯೋ ಅಷ್ಟೂ ಬಂದು ಹೋದವು.

ಆಮೇಲೆ ಫ್ಲೆಕ್ಸ್ ಬಂತು. ಮೂಳೆ ಡಾಕ್ಟರು ತಮ್ಮ ಮುಖವನ್ನೇ ಆರಡಿ ಅಗಲಕ್ಕೆ ಅಚ್ಚುಹಾಕಿಸಿಕೊಂಡರು. ಪೇಂಟರನ ಬ್ರಷ್ಷುಗಳು ಡಬ್ಬದಲ್ಲಿ ಒಣಗಿ, ಕೆದರಿದ ತಲೆಯಂತೆ ನಿಂತವು. ಸಂಜೆ "ಇವತ್ತು ಏನು ಬರೆದೆ?" ಎಂದಾಗ ಅವನು ಹಳೆಯ ಬೋರ್ಡುಗಳನ್ನೇ ಹೊಸದಾಗಿ ಹೇಳಲು ಶುರುಮಾಡಿದ. ಇಸ್ತ್ರಿಯವನಿಗೆ ಅದು ಗೊತ್ತಾಗುತ್ತಿತ್ತು. ಆದರೂ ಹೊಸದಾಗಿಯೇ ಅಭಿಪ್ರಾಯ ಕೊಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ಗೋಡೆಯೊಳಗಿನ ಮೇಸ್ತ್ರಿ ಪೇಂಟರನ ಮನೆ ಹುಡುಕಿಕೊಂಡು ಬಂದ. "ಬಾಗಿಲಿಗೆಲ್ಲ ನಂಬರ್ ಹಾಕಬೇಕಂತೆ. ಮಷೀನಿನಲ್ಲಿ ಮಾಡಿಸಿದ್ರೆ ಎಷ್ಟು ಬಾಗಿಲು ಅಂತ ಹೊರಗೆ ಗೊತ್ತಾಗುತ್ತಂತೆ. ಕೈಯಲ್ಲೇ ಬರೆಯೋರು ಬೇಕಂತೆ. ಬದುಕಿದೀಯ ತಾನೆ ನೀನು?"

ಪೇಂಟರ್ ಬದುಕಿದ್ದ. ಅದನ್ನು ತೋರಿಸಲು ಮದುವೆಮನೆಗೆ ಹಾಕುವ ಇಸ್ತ್ರಿಯ ಅಂಗಿಯನ್ನೇ ಹಾಕಿಕೊಂಡು ಕೆಲಸಕ್ಕೆ ಹೋದ. ಬಣ್ಣದ ಕೆಲಸಕ್ಕೆ ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದ ಮೊದಲ ಪೇಂಟರ್ ಅವನೇ ಇರಬೇಕು. ಅನಾಹುತವೆಲ್ಲ ಶುರುವಾದದ್ದು ಆ ಅಂಗಿಯಿಂದ ಎಂದು ಹೇಳಿದರೂ ತಪ್ಪಿಲ್ಲ.

ಒಳಗೆ ಬೂದುಬಣ್ಣದ ಸಫಾರಿ ಹಾಕಿದ ಅಧಿಕಾರಿಯೊಬ್ಬ ಒಂದು ಕಾಗದ ಮುಂದಿಟ್ಟ. "ಸಹಿ ಹಾಕಿ. ಇಲ್ಲಿ ನೋಡಿದ್ದನ್ನ ಹೊರಗೆ ಹೇಳಬಾರದು."

"ನಾನು ನೋಡೋದು ಬಾಗಿಲು ಸಾರ್."

"ಬಾಗಿಲನ್ನೂ ನೋಡಿಲ್ಲ."

"ನೋಡದೆ ನಂಬರ್ ಹಾಕೋದು ಹೇಗೆ ಸಾರ್?"

ಅಧಿಕಾರಿ ಯೋಚಿಸಿದ. ಅದು ನ್ಯಾಯವಾದ ಪ್ರಶ್ನೆ ಎಂದು ಅವನಿಗೂ ಅನ್ನಿಸಿತು. "ಹಾಕುವಾಗ ನೋಡಿ. ಆಮೇಲೆ ನೋಡಿಲ್ಲ. ಒಟ್ಟು ಸಾವಿರದ ನೂರ ನಲವತ್ತು ಬಾಗಿಲು. ನಾನೂರ ಹದಿಮೂರು ಬಿಡಿ, ಅದು ಇಲ್ಲ."

"ಬಾಗಿಲೇ ಇಲ್ವಾ?"

"ಇದೆ. ಆದ್ರೆ ಇಲ್ಲ."

ಅದಕ್ಕೂ ಮೊದಲು ಮುಖ್ಯ ಗೇಟಿಗೆ ಒಂದು ಬೋರ್ಡು ಆಗಬೇಕು ಎಂದ ಅಧಿಕಾರಿ. ಹನ್ನೆರಡಡಿ ಉದ್ದ, ನಾಲ್ಕಡಿ ಎತ್ತರ. ಪೇಂಟರನ ಎದೆ ಉಬ್ಬಿತು. ಅಷ್ಟು ದೊಡ್ಡ ಬೋರ್ಡನ್ನು ಅವನು ಜೀವಮಾನದಲ್ಲಿ ಬರೆದಿರಲಿಲ್ಲ. "ಏನಂತ ಬರೀಲಿ ಸಾರ್?"

"ಏನೂ ಬೇಡ."

"ಅಂದ್ರೆ?"

"ಸರ್ಕಾರಿ ಕಟ್ಟಡ ಅಂದ ಮೇಲೆ ಬೋರ್ಡು ಇರಲೇಬೇಕು, ಅದು ಒಂದು ಆದೇಶ. ಈ ಕಟ್ಟಡದ ಹೆಸರು ಎಲ್ಲೂ ಕಾಣಬಾರದು, ಅದು ಇನ್ನೊಂದು ಆದೇಶ. ಎರಡನ್ನೂ ಪಾಲಿಸಬೇಕು. ಬೂದುಬಣ್ಣ ಬಳಿದುಬಿಡಿ. ಮೂರು ಕೋಟು."

ಪೇಂಟರ್ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಕಸುಬಿನವನು ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಕೇಳಿದ: "ಸುತ್ತ ಬಾರ್ಡರ್ ಬೇಕಾ ಸಾರ್?"

"ಬಾರ್ಡರ್ ಇರಲಿ," ಎಂದ ಅಧಿಕಾರಿ. ಅವನೂ ಮನುಷ್ಯನೇ.

ಎರಡು ದಿನ ಮೈಮುರಿದು ಪೇಂಟರ್ ಹನ್ನೆರಡಡಿಯ ಏನೂ ಇಲ್ಲದ ಬೋರ್ಡನ್ನು ಬರೆದು ಮುಗಿಸಿದ. ಅಧಿಕಾರಿ ದೂರ ನಿಂತು, ತಲೆ ಓರೆಮಾಡಿ ನೋಡಿ, ಎಡಗಡೆ ಸ್ವಲ್ಪ ತೆಳುವಾಗಿದೆ ಎಂದ. ಪೇಂಟರ್ ಎಡಗಡೆಗೆ ನಾಲ್ಕನೆಯ ಕೋಟು ಹೊಡೆದ.

ಆ ಸಂಜೆ ಐದೂವರೆಗೆ ಬಕೆಟ್ಟಿನ ಮೇಲೆ ಕೂತ. "ಇವತ್ತು ಏನು ಬರೆದೆ?" ಎಂದ ಇಸ್ತ್ರಿಯವನು.

ಹೇಳಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಪೇಂಟರನ ಮೈಮೇಲೆ ಇಸ್ತ್ರಿಯ ಅಂಗಿ ಇತ್ತು. ಇಪ್ಪತ್ತಾರು ವರ್ಷ ಅಕ್ಷರ ಬರೆದವನು ಕೊನೆಗೆ ಏನೂ ಇಲ್ಲದ್ದನ್ನು ಬರೆದು ಬಂದೆ, ನಾಳೆಯಿಂದ ಒಂದು ಎರಡು ಮೂರು ಬರೆಯುತ್ತೇನೆ ಎಂದು ಹೇಗೆ ಹೇಳುವುದು? ಅಲ್ಲದೆ ಅಲ್ಲೇ ನಿವೃತ್ತ ಮೇಷ್ಟ್ರು ತಮ್ಮ ಪ್ಯಾಂಟಿಗಾಗಿ ಕಾಯುತ್ತ ನಿಂತಿದ್ದರು. ಪೇಂಟರ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಗೋಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಹೇಳೋ ಹಾಗಿಲ್ಲ."

ಪೆಟ್ಟಿಗೆ ಪ್ಯಾಂಟಿನ ಮೇಲೆ ಒಂದು ಗಳಿಗೆ ಹೆಚ್ಚು ನಿಂತಿತು. ಮಂಡಿಯ ಹತ್ತಿರ ತೆಳ್ಳಗೆ ಕಂದು ಗುರುತಾಯಿತು. ಇಪ್ಪತ್ತಾರು ವರ್ಷದಲ್ಲಿ ಇಸ್ತ್ರಿಯವನು ಸುಟ್ಟ ಮೊದಲ ಬಟ್ಟೆ ಅದು. ಮೇಷ್ಟ್ರು ಅದನ್ನು ನೋಡಲೇ ಇಲ್ಲ. ಅವರು ಪೇಂಟರನನ್ನು ನೋಡುತ್ತಿದ್ದರು.

ಮೇಷ್ಟ್ರಿಗೆ ಗೊತ್ತಾದದ್ದು ಬಡಾವಣೆಗೆ ಗೊತ್ತಾಗಲು ಸಾಮಾನ್ಯವಾಗಿ ಅರ್ಧ ದಿನ ಬೇಕಾಗುತ್ತಿತ್ತು. ಈ ಸಲ ಅವರು ಮನೆ ತಲುಪುವಷ್ಟರಲ್ಲೇ ಕೆಲಸ ಮುಗಿದಿತ್ತು. ಮರುದಿನ ಬೆಳಿಗ್ಗೆ, ಇಷ್ಟು ವರ್ಷ "ಏನಪ್ಪ ಪೇಂಟರ್" ಎನ್ನುತ್ತಿದ್ದ ಮೇಷ್ಟ್ರು ಎದುರಿಗೆ ಸಿಕ್ಕಾಗ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, "ನಮಸ್ಕಾರ ಪೇಂಟರ್ ಸಾಹೇಬರೇ, ತಾವು ಆರಾಮ ತಾನೆ?" ಎಂದರು. ಪೇಂಟರ್ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

ಕಿರಾಣಿ ಅಂಗಡಿಯವನು ಸಾಲಿನಲ್ಲಿದ್ದ ಏಳು ಜನರನ್ನು ಬದಿಗೆ ಸರಿಸಿ ಅವನನ್ನು ಮುಂದಕ್ಕೆ ಕರೆದ. ಸಕ್ಕರೆ ತೂಗಿ, ಅವನ ಮುಖ ನೋಡಿ, ಇನ್ನೊಂದು ಹಿಡಿ ಹಾಕಿದ. ಆಮೇಲೆ ಬೆವರು ಒರೆಸಿಕೊಂಡು, "ಸ್ವಾಮಿ, ಆ ಹಳೇ ತಕ್ಕಡಿನ ನಾನು ಬೇಕೂಂತ ಇಟ್ಕೊಂಡಿದ್ದಲ್ಲ. ನಮ್ಮಪ್ಪನ ಕಾಲದ್ದು. ಇವತ್ತೇ ಎಸೀತೀನಿ. ಅಲ್ಲಿ ಬರೆದುಕೊಂಡಿದ್ರೆ ದಯವಿಟ್ಟು ಹೊಡೆದು ಹಾಕಿಸಿ," ಎಂದ.

ಮೇಷ್ಟ್ರ ಸ್ಕೂಟರು ಕಳೆದುಹೋಗಿ ಒಂದು ತಿಂಗಳಾಗಿತ್ತು. ಅವರು ಸಂಜೆ ಪೇಂಟರನ ಮನೆಗೇ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಎಲ್ಲಿದೆ ಅಂತ ಹೇಳಬೇಡಿ. ಹೇಳೋ ಹಾಗಿಲ್ಲ ಅಂತ ಗೊತ್ತು. ಇದೆಯಾ ಇಲ್ವಾ ಅಷ್ಟು ಹೇಳಿ," ಎಂದರು. ಪೇಂಟರ್ ಅಭ್ಯಾಸಬಲದಿಂದ "ನೋಡೋಣ" ಎಂದ. ದುರದೃಷ್ಟಕ್ಕೆ ಎರಡೇ ದಿನದಲ್ಲಿ ಸ್ಕೂಟರು ಸಿಕ್ಕಿತು. ಮೇಷ್ಟ್ರೇ ಅದನ್ನು ಮಾರುಕಟ್ಟೆಯ ಹಿಂದೆ ನಿಲ್ಲಿಸಿ, ಮರೆತು, ಬಸ್ಸಿನಲ್ಲಿ ಮನೆಗೆ ಬಂದಿದ್ದರು. ಆದರೆ ಬಡಾವಣೆಯಲ್ಲಿ ಉಳಿದ ಮಾತು ಒಂದೇ: "‘ನೋಡೋಣ’ ಅಂದ್ರು, ನೋಡಿದ್ರು, ಸಿಕ್ತು."

ಪೇಂಟರನ ಹೆಂಡತಿಗೆ ಇದೆಲ್ಲ ಬಹಳ ಹಿಡಿಸಿತು. ನಲ್ಲಿಯ ಸಾಲಿನಲ್ಲಿ ಅವಳ ಕೊಡ ಈಗ ತಾನಾಗಿಯೇ ಮೊದಲಿಗೆ ಬರುತ್ತಿತ್ತು. "ಮನೇಲೂ ಬಾಯಿ ಬಿಡಲ್ಲಮ್ಮ ನಮ್ಮನೆಯವರು," ಎಂದು ಅವಳು ನಿಟ್ಟುಸಿರು ಬಿಡುತ್ತಿದ್ದಳು. "ನಿದ್ದೇಲಿ ಬರೀ ನಂಬರ್ ಹೇಳ್ತಾರೆ. ನಾನೂರ ಹದಿಮೂರು ಇಲ್ಲ, ನಾನೂರ ಹದಿಮೂರು ಇಲ್ಲ ಅಂತ. ನಂಗೆ ಎದೆ ಝಲ್ ಅನ್ನುತ್ತೆ."

ಬಡಾವಣೆಯ ಜನಕ್ಕೂ ಝಲ್ ಎಂದಿತು. ನಾನೂರ ಹದಿಮೂರನೆಯವನು ಯಾರು, ಅವನಿಗೆ ಏನಾಯಿತು ಎಂದು ತಮ್ಮತಮ್ಮಲ್ಲೇ ಲೆಕ್ಕ ಹಾಕಿದರು; ಯಾರೂ ಜೋರಾಗಿ ಕೇಳಲಿಲ್ಲ.

ಗೌರವ ಎಂಬುದು ಮೂರು ವಾರ ಚೆನ್ನಾಗಿರುತ್ತದೆ. ನಾಲ್ಕನೆಯ ವಾರದಲ್ಲಿ ಪೇಂಟರನಿಗೆ ಒಂದು ವಿಷಯ ಕಾಣತೊಡಗಿತು. ಅವನು ಹೋದಲ್ಲೆಲ್ಲ ಕರೆಂಟು ಹೋದ ಫ್ಯಾನಿನಂತೆ ಮಾತು ನಿಧಾನವಾಗಿ ತಿರುಗಿ ನಿಲ್ಲುತ್ತಿತ್ತು. ಜನ ನಗುತ್ತಿದ್ದರು, ನಮಸ್ಕರಿಸುತ್ತಿದ್ದರು, ಜಾಗ ಬಿಡುತ್ತಿದ್ದರು. ಆದರೆ ಏನನ್ನೂ ಹೇಳುತ್ತಿರಲಿಲ್ಲ. ಎಲ್ಲ ಗೊತ್ತಿರುವವನಿಗೆ ಹೇಳುವುದಾದರೂ ಏನನ್ನು?

ಸ್ವಂತ ತಂಗಿಯ ಮಗಳ ಮದುವೆಯಾಗಿ ಹೋಯಿತು. ಪೇಂಟರನಿಗೆ ಅದು ತಿಳಿದದ್ದು ಬಸ್ಸಿನಲ್ಲಿ ಸಿಕ್ಕ ನೆಂಟನೊಬ್ಬನ ಕೈಯಲ್ಲಿದ್ದ ಫೋಟೋಗಳಿಂದ. ತಂಗಿಯ ಮನೆಗೆ ಓಡಿದ.

"ನಂಗೊಂದು ಮಾತು ಹೇಳಲಿಲ್ವಲ್ಲೇ!"

"ನಿಂಗೆ ಗೊತ್ತಿರುತ್ತೆ ಅಂತ ಅನ್ಕೊಂಡೆ ಅಣ್ಣ," ಎಂದಳು ತಂಗಿ. "ಗೊತ್ತಿದ್ದೂ ನೀನು ಬರಲಿಲ್ಲ. ಹುಡುಗನ ಕಡೆಯವರದ್ದು ಏನೋ ಇರಬೇಕು, ಅದಕ್ಕೇ ಬಂದಿಲ್ಲ ಅಂತ ಇವರು ಮೂರು ದಿನ ನಿದ್ದೆ ಮಾಡಿಲ್ಲ. ಏನಾದ್ರೂ ಇದ್ರೆ ಈಗಲೇ ಹೇಳಿಬಿಡು."

"ಏನೂ ಇಲ್ಲ ಕಣೇ. ನಂಗೇನೂ ಗೊತ್ತಿಲ್ಲ."

ತಂಗಿ ಗಂಡನ ಮುಖ ನೋಡಿದಳು. ಗಂಡ ಮೆಲ್ಲನೆ ಎದ್ದು ಕಿಟಕಿ ಮುಚ್ಚಿದ.

ಇಷ್ಟರಲ್ಲಿ ಒಂದೇ ಜಾಗ ಹಳೆಯ ಹಾಗೆ ಉಳಿದಿತ್ತು, ಆ ಬಕೆಟ್ಟು. ಇಸ್ತ್ರಿಯವನು ಈಗಲೂ ದಿನಾ ಕೇಳುತ್ತಿದ್ದ: "ಇವತ್ತು ಏನು ಬರೆದೆ?" ಪೇಂಟರ್ ದಿನಾ ಹೇಳುತ್ತಿದ್ದ: "ಹೇಳೋ ಹಾಗಿಲ್ಲ." ಮೊದಲ ಸಲ ಅದು ಜಂಬವಾಗಿತ್ತು. ಆಮೇಲಾಮೇಲೆ, ಇಷ್ಟು ದಿನ ಹೇಳದಿದ್ದುದು ಬರೀ ಇಷ್ಟನ್ನೇ ಎಂದು ಹೇಳಲು ನಾಚಿಕೆಯಾಗತೊಡಗಿತು. ಒಂದು ಸುಳ್ಳನ್ನಾದರೆ ಬಿಡಿಸಬಹುದು. ಏನೂ ಇಲ್ಲದ್ದನ್ನು ಬಿಡಿಸುವುದು ಹೇಗೆಂದು ಪೇಂಟರನಿಗೆ ತಿಳಿಯಲಿಲ್ಲ. ಇಸ್ತ್ರಿಯವನು "ಆಯ್ತು ಬಿಡು" ಎಂದು ಕೆಮ್ಮಿ, ಲಾರಿಯ ಧೂಳನ್ನು ಬಟ್ಟೆಯ ಮೇಲಿಂದ ಕೊಡವುತ್ತಿದ್ದ.

ಕೆಮ್ಮು ಆಗಲೇ ಇತ್ತು. ಪೇಂಟರ್ ಅದನ್ನು ಕೇಳಿಸಿಕೊಂಡಿದ್ದ. ಲಾರಿಗಳ ಶಬ್ದದ ಜೊತೆ ಸೇರಿಸಿ ಕೇಳಿಸಿಕೊಂಡಿದ್ದ.

ಆದರೆ ಅವನು ಕಂಡ ಬೇರೊಂದು ಸಂಗತಿ ಇತ್ತು. ತಾನು ಬಕೆಟ್ಟಿನ ಮೇಲೆ ಕೂತಿರುವಷ್ಟು ಹೊತ್ತು ಯಾರೂ ಬಟ್ಟೆ ತರುತ್ತಿರಲಿಲ್ಲ. ಗಂಟು ಹಿಡಿದು ಬರುತ್ತಿದ್ದವರು ದೂರದಿಂದಲೇ ಅವನನ್ನು ಕಂಡು, ಏನೋ ಮರೆತವರಂತೆ ತಿರುಗಿ ಹೋಗುತ್ತಿದ್ದರು. ಜೇಬಿನಲ್ಲಿ ಏನು ಉಳಿದಿರುತ್ತದೋ ಯಾರಿಗೆ ಗೊತ್ತು. ಹೀಗೆ ಮೂರ್ನಾಲ್ಕು ಸಲ ಆದ ಮೇಲೆ ಪೇಂಟರ್ ಒಂದು ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಗೆಳೆಯನ ಹೊಟ್ಟೆಯ ಮೇಲೆ ಕಲ್ಲು ಹಾಕಬಾರದು ಎಂದು ತನಗೆ ತಾನೇ ಹೇಳಿಕೊಂಡ. ಇಪ್ಪತ್ತಾರು ವರ್ಷದಲ್ಲಿ ಅವನು ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರವೂ ಅತ್ಯಂತ ಕೆಟ್ಟ ನಿರ್ಧಾರವೂ ಅದೇ. ಮನೆಯ ಅಂಗಿಗಳನ್ನು ಹೆಂಡತಿಯೇ ಕೊಟ್ಟು, ತರುತ್ತಿದ್ದಳು.

ಏಳುನೂರನೆಯ ಬಾಗಿಲಿನ ಸುಮಾರಿಗೆ ಇಸ್ತ್ರಿಯ ಮೇಜಿನ ಮೇಲೆ ಗೋಣಿ ಹೊದಿಸಿದ್ದು ಕಂಡಿತು. ಒಂದು ದಿನ, ಎರಡು ದಿನ, ಒಂದು ವಾರ. ತನ್ನ ಮೇಲಿನ ಕೋಪಕ್ಕೆ ಅಂಗಡಿಯನ್ನೇ ಮುಚ್ಚಿದನೇ? ಅಷ್ಟು ಕೋಪದ ಮನುಷ್ಯನಲ್ಲವಲ್ಲ? ಪೇಂಟರ್ ಮೇಷ್ಟ್ರನ್ನು ತಡೆದು ಕೇಳಿದ.

"ಇಸ್ತ್ರಿ ಅಂಗಡಿ ಯಾಕೆ ಮುಚ್ಚಿದೆ ಮೇಷ್ಟ್ರೇ?"

ಮೇಷ್ಟ್ರು ನಕ್ಕರು. ಶಾಲೆಯಲ್ಲಿ ತನಿಖೆಗೆ ಬಂದ ಇನ್ಸ್‌ಪೆಕ್ಟರ ಎದುರು ಅವರು ನಗುತ್ತಿದ್ದುದು ಹೀಗೆಯೇ. "ತಾವು ನನ್ನನ್ನ ಪರೀಕ್ಷೆ ಮಾಡ್ತಿದೀರಿ."

"ಇಲ್ಲ ಮೇಷ್ಟ್ರೇ, ನಿಜವಾಗ್ಲೂ ಕೇಳ್ತಿದೀನಿ."

"ನಿಜವಾಗ್ಲೂ ಕೇಳೋದೇ ಹಾಗೆ ಅಲ್ವಾ? ನಾನು ಏನೂ ಹೇಳಲ್ಲ. ಬರ್ಲಾ?"

ಕಿರಾಣಿಯವನು ಪ್ರಶ್ನೆ ಮುಗಿಯುವ ಮೊದಲೇ ಕೈ ಮುಗಿದ. "ನಂಗೇನೂ ಗೊತ್ತಿಲ್ಲ ಸ್ವಾಮಿ. ನಾನು ಅವರ ಮನೆಗೆ ಕೊಟ್ಟಿದ್ದು ಬ್ರೆಡ್ಡು, ಗ್ಲೂಕೋಸು ಅಷ್ಟೇ. ಬಿಲ್ ಇದೆ."

ಬ್ರೆಡ್ಡು, ಗ್ಲೂಕೋಸು ಎಂದಾಗಲಾದರೂ ಅವನಿಗೆ ತಿಳಿಯಬೇಕಿತ್ತು. ಇಸ್ತ್ರಿಯವನಾಗಿದ್ದರೆ ಬರೀ ಬ್ರೆಡ್ಡಿನ ಕಾಗದ ನೋಡಿಯೇ ಎಲ್ಲವನ್ನೂ ಹೇಳುತ್ತಿದ್ದ. ಪೇಂಟರನಿಗೆ ಓದಲು ಬರುತ್ತಿದ್ದುದು ಅಕ್ಷರ ಮಾತ್ರ.

ಒಂದು ಭಾನುವಾರ ಮಧ್ಯಾಹ್ನ ಅವನು ಗೆಳೆಯನ ಮನೆಗೆ ಹೊರಟ. ಸೈಕಲ್ ಅಂಗಡಿಯ ಹಿಂದೆ, ಮಹಡಿಯ ಮೇಲಿನ ಒಂದೇ ಕೋಣೆಯ ಮನೆ. ಹನ್ನೆರಡು ಮೆಟ್ಟಿಲು. ಆರನೆಯದರ ಮೇಲೆ ಕಾಲಿಡುವಾಗ ಒಳಗಿಂದ ನಾಲ್ಕೈದು ಜನರ ಮಾತು ಕೇಳುತ್ತಿತ್ತು. ಇಸ್ತ್ರಿಯವನ ದನಿಯೂ ಇತ್ತು. ಏಳನೆಯದರ ಮೇಲೆ ಕಾಲಿಟ್ಟ. ಒಳಗೆ ಮಾತು ಒಮ್ಮೆಲೇ ನಿಂತಿತು. ಒಂದು ಚಮಚದ ಸದ್ದೂ ಇಲ್ಲ.

ಆ ಮೌನವನ್ನು ಪೇಂಟರ್ ಈಗ ಚೆನ್ನಾಗಿ ಬಲ್ಲವನಾಗಿದ್ದ. ಕಿರಾಣಿ ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ತಂಗಿಯ ಮನೆಯಲ್ಲಿ ಅದು ಸಿಕ್ಕಿತ್ತು. ಇಲ್ಲೂ ಸಿಗುತ್ತದೆ ಎಂದುಕೊಂಡಿರಲಿಲ್ಲ. ಸ್ವಲ್ಪ ಹೊತ್ತು ಏಳನೆಯ ಮೆಟ್ಟಿಲ ಮೇಲೆ ನಿಂತಿದ್ದು, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಇಳಿದು ಹೋದ.

ಆಮೇಲೆ ಕೆಲಸದ ಭರಾಟೆ. ದೊಡ್ಡವರು ಯಾರೋ ಕಟ್ಟಡ ನೋಡಲು ಬರುತ್ತಾರೆಂದು ಕೊನೆಯ ನಾಲ್ಕು ದಿನ ಕೆಲಸದವರನ್ನು ಹೊರಗೆ ಬಿಡದೆ ಒಳಗಿನ ಶೆಡ್ಡಿನಲ್ಲೇ ಇರಿಸಿಕೊಂಡರು. ಪೇಂಟರ್ ಸಾವಿರದ ನೂರ ನಲವತ್ತನೆಯ ಬಾಗಿಲಿಗೆ ಕೊನೆಯ ಸೊನ್ನೆ ತಿರುವಿದಾಗ, ಆ ಸೊನ್ನೆಯೊಳಗೆ ಯಾರೋ ಕೂತು ನಗುತ್ತಿರುವ ಹಾಗೆ ಅನ್ನಿಸಿತು. ಅವನಿಗೂ ನಗು ಬಂತು. ನಾಲ್ಕು ತಿಂಗಳು! ಬಾರ್ಡರ್ ಬೇಕಾ ಸಾರ್ ಅಂತ ಬೇರೆ ಕೇಳಿದ್ದೆನಲ್ಲ! ಇದನ್ನು ಅವನಿಗೆ ಹೇಳದಿದ್ದರೆ ಇನ್ನು ಯಾರಿಗೆ ಹೇಳುವುದು? ಕಾಗದ ಹಾಳಾಗಿ ಹೋಗಲಿ, ಸಹಿ ಹಾಳಾಗಿ ಹೋಗಲಿ. ಶೆಡ್ಡಿನಿಂದ ಗೇಟಿನವರೆಗೆ ನಡೆಯುತ್ತ ಅವನು ಆ ಕಥೆಯನ್ನು ಮೂರು ಸಲ ಒತ್ತಿ ತೀಡಿಕೊಂಡ. ಅಧಿಕಾರಿ ತಲೆ ಓರೆಮಾಡಿ ನೋಡುವ ಜಾಗದಲ್ಲಿ ಸ್ವಲ್ಪ ನಿಲ್ಲಿಸಬೇಕು. "ಎಡಗಡೆ ತೆಳುವಾಗಿದೆ" ಎಂಬುದನ್ನು ಮೂಗಿನಲ್ಲಿ ಹೇಳಬೇಕು. ಉಳಿದ ಬೂದುಬಣ್ಣ, ಕರಿಬಣ್ಣಗಳ ಎರಡು ಡಬ್ಬಗಳನ್ನು ಮೇಸ್ತ್ರಿಯಿಂದ ಕೇಳಿ ಪಡೆದ. ಇವತ್ತೇ ಆ ಹಲಗೆ ಬರೆದುಬಿಡುವುದು.

ಮೇಜಿನ ಮೇಲೆ ಗೋಣಿ ಹಾಗೆಯೇ ಇತ್ತು. ಡಬ್ಬ ಹಿಡಿದೇ ಹನ್ನೆರಡು ಮೆಟ್ಟಿಲು ಹತ್ತಿದ. ಬಾಗಿಲ ಹತ್ತಿರ ಇಸ್ತ್ರಿಯವನ ಹೆಂಡತಿ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕೂತಿದ್ದಳು. ಗಿರಾಕಿಗಳು ಬಿಟ್ಟಿದ್ದ ಬಟ್ಟೆಗಳನ್ನು ಮನೆಮನೆಗೆ ಬೇರೆಮಾಡಿ ಕಟ್ಟುತ್ತಿದ್ದಳು.

"ಬನ್ನಿ ಅಣ್ಣ."

"ಎಲ್ಲಿ ತಂಗಿ ಅವನು? ಕರಿ. ಒಂದು ಮಾತು ಹೇಳಬೇಕು, ನಕ್ಕು ನಕ್ಕು ಸಾಯ್ತಾನೆ."

ಅವಳು ಕೈಯಲ್ಲಿದ್ದ ಅಂಗಿಯನ್ನು ಮಡಿಚಿ ಕೆಳಗಿಟ್ಟಳು.

"ಮೂರು ದಿನ ಆಯ್ತಲ್ಲ ಅಣ್ಣ," ಎಂದಳು.

ಡಬ್ಬಗಳನ್ನು ಎಲ್ಲಿಡಬೇಕೆಂದು ಪೇಂಟರನಿಗೆ ತಿಳಿಯಲಿಲ್ಲ. ಹಿಡಿದುಕೊಂಡೇ ಹೊಸಿಲಿನ ಮೇಲೆ ಕೂತ.

"ಧೂಳು, ಇದ್ದಿಲ ಹೊಗೆ, ಎಲ್ಲ ಎದೇಲಿ ಕೂತಿತ್ತಂತೆ. ಡಾಕ್ಟರು ತಡವಾಯ್ತು ಅಂದ್ರು. ಮೇಷ್ಟ್ರ ಕೈಲಿ ನಿಮಗೆ ಎರಡು ಸಲ ಹೇಳಿ ಕಳಿಸಿದ್ದೆ. ಕಿರಾಣಿಯವರ ಕೈಲಿ ಒಂದು ಸಲ. ‘ಅವರಿಗೆ ಗೊತ್ತಿಲ್ಲದ್ದು ಏನಿದೆಯಮ್ಮ’ ಅಂದ್ರು."

"ನಂಗೆ ಯಾರೂ ಹೇಳಲಿಲ್ಲ ತಂಗಿ. ಯಾರೂ."

"ನಮ್ಮನೆಯವರೂ ಅದೇ ಅನ್ನೋರು. ‘ಅವನಿಗೆ ಯಾರೂ ಹೇಳಿರಲ್ಲ. ಗೊತ್ತಾಗಿದ್ರೆ ಬರದೇ ಇರ್ತಾನಾ’ ಅಂತ." ಅವಳು ಇನ್ನೊಂದು ಅಂಗಿ ಎತ್ತಿಕೊಂಡಳು. "ಒಂದು ಭಾನುವಾರ ಜನ ಎಲ್ಲ ಕೂತು ಮಾತಾಡ್ತಿದ್ರು. ತಟ್ಟನೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿ ಅಂದ್ರು. ‘ಮೆಟ್ಟಿಲ ಮೇಲೆ ಅವನ ಹೆಜ್ಜೆ ಥರ ಕೇಳ್ತು, ಇರಿ, ಇರಿ’ ಅಂತ. ನಾವೆಲ್ಲ ಉಸಿರು ಬಿಗಿಹಿಡಿದು ಕೂತ್ವಿ. ಯಾರೂ ಬರಲಿಲ್ಲ. ಬೇರೆ ಯಾರದ್ದೋ ಇರಬೇಕು."

ಪೇಂಟರ್ ಡಬ್ಬಗಳನ್ನು ಕೆಳಗಿಟ್ಟ. ಸಾವಿರದ ನೂರ ನಲವತ್ತು ಬಾಗಿಲುಗಳ ಆ ಕಟ್ಟಡದಿಂದ ಅವನು ಯಾವ ಗುಟ್ಟನ್ನೂ ತಂದಿರಲಿಲ್ಲ. ಹೊರಗೆ, ಏಳನೆಯ ಮೆಟ್ಟಿಲ ಮೇಲೆ, ಒಂದು ಗುಟ್ಟು ಅವನಿಗಾಗಿ ಕಾದಿತ್ತು. ಅದನ್ನು ಅವನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಬೇರೆಯದನ್ನೆಲ್ಲ ಹೇಳಿದ. "ನಾನು ಅಲ್ಲಿ ಏನೂ ಅಲ್ಲ ತಂಗಿ. ಬಾಗಿಲಿಗೆ ನಂಬರ್ ಹಾಕ್ತಿದ್ದೆ. ಅಷ್ಟೇ."

"ಗೊತ್ತು ಅಣ್ಣ."

"ಗೊತ್ತಾ?"

"ಎರಡನೇ ವಾರವೇ ಹೇಳಿದ್ರು. ನಿಮ್ಮ ಅಂಗಿ ಬರ್ತಿತ್ತಲ್ಲ. ‘ಬೋರ್ಡು ಬರೆಯೋವಾಗ ಎಡತೋಳಿಗೂ ಬಣ್ಣ ಹತ್ತುತ್ತೆ, ಬಲಗೈಗೆ ಆಸರೆಯಾಗಿ ಎಡಗೈಲಿ ಕೋಲು ಊರಿರ್ತಾನೆ. ಇದು ಬರೀ ಬಲಗೈ. ಕರಿ ಬಣ್ಣ ಒಂದೇ, ಸಣ್ಣ ಬ್ರಷ್ಷು, ಮೊಣಕೈಗೆ ಬಾಗಿಲ ಪಾಲಿಶ್ ವಾಸನೆ. ನಂಬರ್ ಹಾಕ್ತಿದಾನೆ ಕಣೇ, ಪಾಪ, ಹೇಳೋಕೆ ನಾಚಿಕೆ ಅವನಿಗೆ’ ಅಂತ. ಯಾರ ಮುಂದೇನೂ ಅನ್ನಬೇಡ, ಅವನ ಮರ್ಯಾದೆ ಹೋಗುತ್ತೆ ಅಂತ ನನ್ನ ಹತ್ರ ಆಣೆ ಹಾಕಿಸಿಕೊಂಡ್ರು."

"ಗೊತ್ತಿದ್ದೂ ದಿನಾ ಕೇಳ್ತಿದ್ನಲ್ಲ?"

"ಗೊತ್ತಿದ್ರೂ ನೀವು ಹೇಳಬೇಕಿತ್ತಂತೆ."

ಪೇಂಟರ್ ಆಗ ಬೋರ್ಡಿನ ಕಥೆ ಹೇಳಿದ. ಹನ್ನೆರಡಡಿ, ಎರಡು ಆದೇಶ, ಮೂರು ಕೋಟು. ಅಧಿಕಾರಿ ತಲೆ ಓರೆಮಾಡುವ ಜಾಗದಲ್ಲಿ ನಿಲ್ಲಿಸಿದ, ತೀಡಿಕೊಂಡಿದ್ದ ಹಾಗೆಯೇ. ಮೂಗಿನಲ್ಲಿ ಹೇಳಬೇಕಾದದ್ದನ್ನು ಮೂಗಿನಲ್ಲಿಯೇ ಹೇಳಿದ. ಅಷ್ಟು ಹೊತ್ತಿಗೆ ಮೂಗು ತಾನಾಗಿಯೇ ಕಟ್ಟಿತ್ತು. ಅವಳು ಮಡಿಚುತ್ತಿದ್ದ ಅಂಗಿಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ಪೇಂಟರ್ ನೋಡುತ್ತ ಕೂತ. ಸ್ವಲ್ಪ ಹೊತ್ತಿನ ಮೇಲೆ ಅವಳು ಮುಖ ಎತ್ತಿದಳು.

"ಇದೊಂದು ಅವರಿಗೆ ಗೊತ್ತಿರಲಿಲ್ಲ," ಎಂದಳು.

ಮನೆಗೆ ಹೋದಾಗ ಪೇಂಟರ್ ಹೆಂಡತಿಯನ್ನು ಕೇಳಿದ, ನೀನಾದರೂ ಯಾಕೆ ಹೇಳಲಿಲ್ಲ ಎಂದು. "ನಿಮಗೆ ಗೊತ್ತಿದ್ದೂ ಹೋಗ್ತಿಲ್ಲ ಅಂದ್ರೆ ಇಲಾಖೆಯವರು ಬೇಡ ಅಂದಿರಬೇಕು ಅನ್ಕೊಂಡೆ ರೀ," ಎಂದಳು ಅವಳು. ಅವಳ ಕಣ್ಣು ಆಗಲೇ ಕೆಂಪಾಗಿತ್ತು. ಅವನಿಗೆ ಬೈಯಲು ಮನಸ್ಸಾಗಲಿಲ್ಲ. ಮೂರು ದಿನದಿಂದ ಅವಳು ಅವನ ಪಾಲಿನದನ್ನೂ ಸೇರಿಸಿ ಒಬ್ಬಳೇ ಅತ್ತಿದ್ದಳು.

ಹದಿನೈದು ದಿನ ಕಳೆದ ಮೇಲೆ ಇಸ್ತ್ರಿಯವನ ಹೆಂಡತಿ ಗೋಣಿ ತೆಗೆದು, ಪೆಟ್ಟಿಗೆಗೆ ಇದ್ದಿಲು ತುಂಬಿದಳು. ಅದೇ ದಿನ ಪೇಂಟರ್ ಡಬ್ಬದ ಮೇಲಿನ ಹಲಗೆಯನ್ನು ತೆಗೆದು, ತೊಳೆದು, ಉಜ್ಜಿ, ಸರ್ಕಾರದ ಬೂದುಬಣ್ಣವನ್ನು ಮೂರು ಕೋಟು ಹೊಡೆದ. ಬಾರ್ಡರ್ ಎಳೆದ. ಎಡಗೈಯಲ್ಲಿ ಕೋಲು ಊರಿ, ಜೀವಮಾನದಲ್ಲಿ ಕಲಿತದ್ದನ್ನೆಲ್ಲ ಕೂಡಿಸಿ, ಕರಿಬಣ್ಣದಲ್ಲಿ ಬರೆದ: ಇಲ್ಲಿ ಬಟ್ಟೆ ಇಸ್ತ್ರಿ ಮಾಡಲಾಗುತ್ತದೆ. ಎಡತೋಳಿಗೆ ಬಣ್ಣ ಹತ್ತಿತು. ಒರೆಸಿಕೊಳ್ಳಲಿಲ್ಲ.

ತಗಡಿನ ಅಂಚಿಗೆ ಬೋರ್ಡು ತೂಗುಹಾಕುವಾಗ ಮೇಷ್ಟ್ರು ಬಂದು ಹಿಂದೆ ನಿಂತರು. ಒಂದು ಸಲ ಓದಿದರು. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು. ಗೋಡೆಯ ಕಡೆ ಒಮ್ಮೆ, ಬೋರ್ಡಿನ ಬೂದುಬಣ್ಣದ ಕಡೆ ಒಮ್ಮೆ ನೋಡಿ, ಪೇಂಟರನ ಕಿವಿಯ ಹತ್ತಿರ ಬಾಗಿದರು.

"ಇದರ ಅರ್ಥ ಏನು ಸಾಹೇಬರೇ?"

"ಇಲ್ಲಿ ಬಟ್ಟೆ ಇಸ್ತ್ರಿ ಮಾಡ್ತಾರೆ ಅಂತ ಮೇಷ್ಟ್ರೇ."

ಮೇಷ್ಟ್ರು ನಿಧಾನವಾಗಿ ತಲೆಯಾಡಿಸಿದರು. ಅವರ ಮುಖದಲ್ಲಿ ಎಲ್ಲ ಅರ್ಥವಾದ ಕಳೆ ಇತ್ತು. "ಆಯ್ತು," ಎಂದರು ಪಿಸುದನಿಯಲ್ಲಿ. "ನಾನು ಯಾರಿಗೂ ಹೇಳಲ್ಲ."

ಪೇಂಟರ್ ಮೇಜಿನ ಕೆಳಗಿನ ಬಕೆಟ್ಟನ್ನು ಕಾಲಿನಿಂದ ಈಚೆಗೆಳೆದು ಕೂತ. ಐದೂವರೆ ಆಗಿತ್ತು.

"ಹೇಳಿ ಮೇಷ್ಟ್ರೇ," ಎಂದ. "ದಯವಿಟ್ಟು ಎಲ್ಲರಿಗೂ ಹೇಳಿ."